ನಿಘಂಟಿನ ಹಿಂದಿನ ಮನೆ

ಜೇವರ್ಗಿ, ಶಹಾಪುರ ದಾಟಿ ಸುರಪುರಕ್ಕೆ ಹೋದವರಿಗೆ ಊರ ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಕಾಣುತ್ತದೆ. ಹೆಸರು ಟೇಲರ್ ಮಂಜಿಲ್. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತದ ಮೇಲೆ ಕಣ್ಣಿಟ್ಟಿದ್ದ ದಿನಗಳ ಮನೆ ಅದು. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ. ಊರವರ ಮಗನಿಗೆ ಅಪ್ಪನಾದ ಈ ಸಾಹೇಬನ ಸ್ವಂತ ಹೆಣ್ಣುಮಕ್ಕಳು ಬೆಳೆದದ್ದು ಮಾತ್ರ ಇಂಗ್ಲೆಂಡಿನಲ್ಲಿ. ಅಪ್ಪನ ಆತ್ಮಕಥೆಯನ್ನು ಅವನು ತೀರಿಹೋದ ಮರುವರ್ಷ, 1877ರಲ್ಲಿ, ಅಚ್ಚು ಹಾಕಿಸಿದವಳು ಮಗಳು ಆಲಿಸ್. ಅಂದರೆ ಗುಡ್ಡದ ಮೇಲೆ ಮನೆಯೇನೋ ಎದ್ದಿತ್ತು, ಆದರೆ ಮಕ್ಕಳು ಓಡಾಡುವ ಸಂಸಾರ ಅದರೊಳಗೆ ಕೂಡಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮಗೆ ಆ ಶತಮಾನದ ಪರದೇಶಿಯ ಮನೆ ಎಂದರೆ ನೆನಪಾಗುವುದು ಇದೊಂದೇ. ಗಂಟುಮೂಟೆ ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಬಂದು ಬಿಡಾರ ಹೂಡಿದ ಪಾದ್ರಿಗಳು ಆಗ ನಮ್ಮ ಸೀಮೆಗೆ ಕಾಲಿಟ್ಟಿರಲಿಲ್ಲ. ಇದು ನಿಜಾಮನ ರಾಜ್ಯ. ಅಫಜಲಪುರದ ಎದುರಿಗೆ ಭೀಮೆ ದಾಟಿದರೆ ಸಿಗುವ ಇಂಡಿ, ಸಿಂದಗಿ ಮುಂಬಯಿ ಸರಕಾರದ ಪಾಲಾದವು. ಈಚೆಯವು ಹೈದರಾಬಾದಿನ ಪಾಲಿಗೆ ಉಳಿದವು. 1871ರಲ್ಲಿ ಸೊಲ್ಲಾಪುರ, ಕಲಬುರಗಿ, ರಾಯಚೂರಿನ ರೈಲು ಹಾದಿ ಕೂಡಿಕೊಂಡ ಮೇಲೆ, ಆ ಶತಮಾನ ಮುಗಿಯುವ ಹೊತ್ತಿಗೆ, ಮೆಥೊಡಿಸ್ಟರು ಕಲಬುರಗಿ, ಬೀದರಗಳಿಗೆ ಬಂದರು. ಅಷ್ಟರಲ್ಲಿ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ, ಮಡಿಕೇರಿಗಳಲ್ಲಿ ಬಾಸೆಲ್ ಮಿಷನ್ನಿನ ಒಂದು ತಲೆಮಾರು ಹುಟ್ಟಿ, ಬೆಳೆದು, ಕೆಲವು ಕಡೆ ಮಣ್ಣಾಗಿಯೂ ಆಗಿತ್ತು. ಕನ್ನಡ ನಾಡಿನಲ್ಲಿ ಪಾದ್ರಿ ಸಂಸಾರದ ಕತೆ ಹೇಳಬೇಕಾದರೆ ಅತ್ತ ಕಡೆಗೇ ಹೋಗಬೇಕು.

ಆ ಕತೆಯಲ್ಲಿ ನಮಗೆ ಗೊತ್ತಿರುವುದು ಗಂಡಸರು. ಮೋಗ್ಲಿಂಗ್ ಎಂದರೆ ‘ಮಂಗಳೂರ ಸಮಾಚಾರ’ ಪತ್ರಿಕೆ, ಕಿಟ್ಟೆಲ್ ಎಂದರೆ ಕನ್ನಡ ನಿಘಂಟು. ಶಾಲೆಯ ಮಕ್ಕಳೂ ಹೇಳುತ್ತಾರೆ. ಮೋಗ್ಲಿಂಗರ ಹೆಂಡತಿಯ ಹೆಸರೇನು, ಕಿಟ್ಟೆಲ್ ಎಷ್ಟು ಸಲ ಮದುವೆಯಾದರು ಎಂದು ಕೇಳಿದರೆ ಮೇಷ್ಟರೂ ತಲೆ ಕೆರೆದುಕೊಳ್ಳಬೇಕು. ನನ್ನ ಮಟ್ಟಿಗೆ ಆ ನಿಘಂಟು ಒಬ್ಬನೇ ಕೂತು ಬರೆದ ಪುಸ್ತಕವಲ್ಲ. ಅದರ ಬೆಲೆಯನ್ನು ಒಂದು ಮನೆ ತೆತ್ತಿದೆ.

ಮೊದಲು ಬಂದವರು ಮೂವರು. ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಅದು. ಅದರ ಜನ ಹೆಚ್ಚಿನವರು ನೈಋತ್ಯ ಜರ್ಮನಿಯ ವುರ್ಟೆಂಬರ್ಗಿನ ರೈತರು, ಕುಶಲಕರ್ಮಿಗಳು, ಹಳ್ಳಿ ಪಾದ್ರಿಗಳ ಮಕ್ಕಳು. ಇಂಗ್ಲಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ನಾಡಿನ ಬಾಗಿಲು ತೆರೆದದ್ದು 1833ರ ಸನದಿನಿಂದ. ಮರುವರ್ಷವೇ ಈ ಮೂವರು ಆಫ್ರಿಕಾದ ತುದಿ ಸುತ್ತಿ ಕಲ್ಲಿಕೋಟೆಗೆ ಬಂದು, 1834ರ ಅಕ್ಟೋಬರ್ 30ರಂದು ಮಂಗಳೂರಿನಲ್ಲಿ ಇಳಿದರು. ಮೂವರ ಸಂಗಡ ಹೆಂಗಸರಿರಲಿಲ್ಲ. ಹೆಬಿಕ್ ಅಂತೂ ಕೊನೆಯವರೆಗೂ ಮದುವೆಯಾಗಲಿಲ್ಲ.

ಮದುವೆಯಾಗದೆ ಬರುವುದು ಬಾಸೆಲಿನ ಕಟ್ಟಳೆಯೇ ಆಗಿತ್ತು. ತರುಣ ಒಂಟಿಯಾಗಿ ಹೊರಡಬೇಕು. ಎರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತು, ಹವೆಗೆ ಮೈ ಒಗ್ಗಿಸಿಕೊಂಡು, ಆಮೇಲೆ ಮದುವೆಗೆ ಅಪ್ಪಣೆ ಕೊಡಿ ಎಂದು ಬಾಸೆಲಿನ ಕಮಿಟಿಗೆ ಕಾಗದ ಬರೆಯಬೇಕು. ಅಪ್ಪಣೆ ಸಿಕ್ಕಿದರೆ ಹೆಣ್ಣು ಹುಡುಕುವ ಕೆಲಸ ಅಲ್ಲಿ ಶುರುವಾಗುತ್ತಿತ್ತು. ಮನೆತನ ಎಂಥದು, ದೇವರಲ್ಲಿ ಭಕ್ತಿ ಹೇಗಿದೆ, ಮೈಯಲ್ಲಿ ಕಸುವಿದೆಯೇ, ಮನೆಗೆಲಸ ಬರುತ್ತದೆಯೇ ಎಂದು ಎಲ್ಲವನ್ನೂ ಕಮಿಟಿ ವಿಚಾರಿಸುತ್ತಿತ್ತು. ವರ ಏಳೇಳು ಸಮುದ್ರದಾಚೆ ಇದ್ದಾನೆ, ವಧು ಅವನನ್ನು ಒಮ್ಮೆ ಕಂಡಿರಬಹುದು, ಕಾಣದೆಯೂ ಇರಬಹುದು. ಹಿರಿಯರು ನೋಡುತ್ತಾರೆ, ಒಪ್ಪುತ್ತಾರೆ, ಹುಡುಗಿ ‘ದೇವರ ಇಚ್ಛೆ’ ಎನ್ನುತ್ತಾಳೆ. ಕನ್ಯೆ ನೋಡುವ ಶಾಸ್ತ್ರ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡವರಿಗೆ ಇದು ಸೋಜಿಗ. ನಮ್ಮಲ್ಲಿ ಗಂಡಿನ ಕಡೆಯವರು ಒಂದು ಉಪ್ಪಿಟ್ಟಾದರೂ ತಿಂದು ಹೋಗುತ್ತಾರೆ. ಅಲ್ಲಿ ಎಲ್ಲವೂ ಕಾಗದದ ಮೇಲೆ. ಆ ಕಾಗದಕ್ಕೆ ಉತ್ತರ ಬರಲು ವಾರಗಟ್ಟಲೆ, ಮೊದಮೊದಲು ತಿಂಗಳುಗಟ್ಟಲೆ ಕಾಯಬೇಕು.

ಮಿಷನರಿ ವಧುಗಳು ಒಬ್ಬೊಬ್ಬರೇ ಬರುತ್ತಿರಲಿಲ್ಲ. ರಜೆ ಮುಗಿಸಿ ಹಿಂತಿರುಗುವ ಹಿರಿಯ ದಂಪತಿಯ ಜೊತೆ ಎರಡು ಮೂರು ಹುಡುಗಿಯರನ್ನು ಗುಂಪುಮಾಡಿ ಕಳಿಸುತ್ತಿದ್ದರು. ಸುಯೆಜ್ ಕಾಲುವೆ 1869ರಲ್ಲಿ ತೆರೆಯುವವರೆಗೆ ಹಾದಿ ಎರಡು ತುಂಡು. ಅಲೆಕ್ಸಾಂಡ್ರಿಯದವರೆಗೆ ಒಂದು ಹಡಗು, ಅಲ್ಲಿಂದ ಈಜಿಪ್ಟಿನ ಮರಳು ದಾಟಿ ಸುಯೆಜ್‌ಗೆ, ಅಲ್ಲಿ ಮತ್ತೊಂದು ಹಡಗು ಹತ್ತಿ ಏಡನ್ ಮೇಲೆ ಮುಂಬಯಿಗೆ. ಮುಂಬಯಿಯಿಂದ ದಡ ಹಿಡಿದು ತೆಂಕಣಕ್ಕೆ. ಮಂಗಳೂರಿನಲ್ಲಿ ಆಗ ಹಡಗು ದಡಕ್ಕೆ ಬರುತ್ತಿರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಕಡಲಿಗೆ ಕೂಡುವ ಅಳಿವೆಯ ಬಾಯಲ್ಲಿ ಮರಳು ದಿಣ್ಣೆ. ಹಡಗು ಹೊರಗೆ ಲಂಗರು ಹಾಕಿದರೆ, ಪೆಟ್ಟಿಗೆ ಸಮೇತ ದೋಣಿಗೆ ಇಳಿದು, ತೆರೆಯ ಮೇಲೆ ಹೊಯ್ದಾಡುತ್ತ ಹಳೆ ಬಂದರಿನ ದಕ್ಕೆಗೆ ಬರಬೇಕಿತ್ತು. ಜೂನ್ ತಿಂಗಳು ಹಿಡಿಯಿತೆಂದರೆ ಅದೂ ಇಲ್ಲ. ಮಳೆಗಾಲ ಮುಗಿಯುವವರೆಗೆ ಕಡಲು ಬಾಗಿಲು ಹಾಕಿಕೊಳ್ಳುತ್ತಿತ್ತು.

ಬಂದಿಳಿದ ಹುಡುಗಿಯ ಮದುವೆ ತಡವಾಗುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ಗುಡಿಯಲ್ಲಿ ಪ್ರಮಾಣ, ಪರಿಚಯ ಆಮೇಲೆ.

ಮೊದಲ ಮನೆಗಳ ಬಗ್ಗೆ ಹೆಚ್ಚು ಬಣ್ಣ ಕಟ್ಟಬೇಕಿಲ್ಲ. 1837ರ ಏಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಗೆ ಸುಳ್ಯ, ಪುತ್ತೂರುಗಳನ್ನು ದಾಟಿ ಮಂಗಳೂರನ್ನೇ ಹಿಡಿದಾಗ ಬಿಳಿಯರು ದೋಣಿ ಹತ್ತಿ ಕಣ್ಣೂರಿಗೆ ಓಡಿದರು. ಹದಿಮೂರು ದಿನ ಊರು ಬಂಡುಗಾರರ ಕೈಲಿತ್ತು. ಬಂದು ಮೂರು ವರ್ಷವೂ ತುಂಬದ ಮಿಷನ್ನಿಗೆ ಈ ನೆಲ ತಮ್ಮದಲ್ಲ ಎಂಬುದು ಚೆನ್ನಾಗಿಯೇ ತಿಳಿದಿರಬೇಕು. ಆಮೇಲೆ ಕಲೆಕ್ಟರ್ ಬ್ಲೇರ್ ಅವರ ಔದಾರ್ಯದಿಂದ ಬಲ್ಮಠದ ಗುಡ್ಡ ಸಿಕ್ಕಿತು. ಶಾಲೆ, ಬೋಧಕರ ಸೆಮಿನರಿ, ಕಲ್ಲಚ್ಚಿನ ಮುದ್ರಣಾಲಯ, ಮನೆಗಳು, ಒಂದೊಂದಾಗಿ ಗುಡ್ಡ ಏರಿದವು. ಇಂದು ಅಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ.

ಆ ಮನೆಯೊಳಗೆ ಹೊಸ ಹೆಣ್ಣು ಹೊಕ್ಕಾಗ ಅವಳ ಪೆಟ್ಟಿಗೆಯಲ್ಲಿದ್ದದ್ದು ವುರ್ಟೆಂಬರ್ಗಿನ ಚಳಿಗೆ ಹೊಲಿದ ಉಣ್ಣೆಬಟ್ಟೆ, ಲಿನನ್ ಹಾಸು, ಬೈಬಲು, ಸ್ತುತಿಪದಗಳ ಪುಸ್ತಕ. ಜೂನ್ ಬಂದರೆ ಉಣ್ಣೆಗೆ ಬೂಷ್ಟು. ಪುಸ್ತಕಕ್ಕೆ ಗೆದ್ದಲು. ಮಂಚದ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಹಾಸಿಗೆಗೇ ಬರುತ್ತದೆ. ರೊಟ್ಟಿಗೆ ಅವಳ ಊರಿನ ಹುದುಗು ಇಲ್ಲಿ ಸಿಗದು. ಕರಾವಳಿಯಲ್ಲಿ ಹಿಟ್ಟು ಉಬ್ಬಿಸಲು ಇದ್ದದ್ದು ಕಳ್ಳು. ಮಂಗಳೂರ ಕ್ರಿಸ್ತುವರ ಸನ್ನ ಉಬ್ಬುತ್ತಿದ್ದದ್ದೂ ಅದರಿಂದಲೇ. ಕುಡಿತವನ್ನು ಪಾಪವೆಂದು ಬೋಧಿಸಲು ಬಂದವರ ಕುಶಿನಿಗೆ ಬೆಳಿಗ್ಗೆ ಕಳ್ಳಿನ ಗಡಿಗೆ ಹೋಗುವುದನ್ನು ನೆನೆದರೆ ನಗು ಬರುತ್ತದೆ.

ಗಂಡನಿಗೆ ಭಾಷೆ ಕಲಿಸಲು ಮುನ್ಷಿ ಇದ್ದ. ವ್ಯಾಕರಣ ಇತ್ತು, ಪರೀಕ್ಷೆಯೂ ಇತ್ತು. ಹೆಂಡತಿ ಕಲಿತದ್ದು ಅಡುಗೆಯವನಿಂದ, ಆಯಾಳಿಂದ, ಹೊಲಿಗೆ ಕಲಿಯಲು ಬರುವ ಹುಡುಗಿಯರಿಂದ. ಅದೂ ಮಂಗಳೂರಿನಂಥ ಊರಿನಲ್ಲಿ! ಅಂಗಳದಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಮೀನಿನ ಬುಟ್ಟಿಯ ಜೊತೆಗೆ ಬ್ಯಾರಿ, ಗುಡಿಯಲ್ಲೂ ಅಚ್ಚುಕೂಟದಲ್ಲೂ ಕನ್ನಡ, ಕಲೆಕ್ಟರರ ಮನೆಗೆ ಹೋದರೆ ಇಂಗ್ಲಿಷು. ರಾತ್ರಿ ಊಟದ ಮೇಜಿನಲ್ಲಿ ಮಾತ್ರ ಜರ್ಮನ್. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಹೋದವರ ಪಾಡು ಇದಕ್ಕಿಂತ ಸರಳ. ಅಲ್ಲಿ ಕೇರಿಯಲ್ಲೂ ಕನ್ನಡವೇ, ಹವೆಯೂ ಒಣಗಿದ್ದು. ಆದರೆ ನೀರಿಗೆ ಪರದಾಟ, ಬರಗಾಲ ಬಂದರೆ ಹೊಸ್ತಿಲಿಗೇ ಹಸಿದ ಮಕ್ಕಳು. 1876ರಿಂದ 78ರವರೆಗಿನ ಮಹಾ ಬರದಲ್ಲಿ ಆ ಕಡೆಯ ಮಿಷನ್ ಮನೆಗಳು ಅನಾಥಾಲಯಗಳಾಗಿಬಿಟ್ಟವು. ಆ ಮಕ್ಕಳಿಗೆ ಅಂಬಲಿ ಕಾಯಿಸಿದವರ ಹೆಸರು ವರದಿಗಳಲ್ಲಿ ಬರುವುದು ‘ಸಹೋದರ ಇಂಥವರ ಹೆಂಡತಿ’ ಎಂದು.

ಹಾಗೆಂದು ಅವರಿಗೆ ಕೆಲಸವಿರಲಿಲ್ಲವೆಂದಲ್ಲ. ಬಾಸೆಲಿನಲ್ಲಿ 1841ರಲ್ಲಿಯೇ ಪರದೇಶದ ಹೆಣ್ಣುಮಕ್ಕಳ ಓದಿಗಾಗಿ ಒಂದು ಸ್ತ್ರೀಯರ ಸಮಿತಿ ಹುಟ್ಟಿತ್ತು. ಇಲ್ಲಿ ಹೆಣ್ಣುಮಕ್ಕಳ ವಸತಿಶಾಲೆ ನಡೆಸಿದವರು, ಅಕ್ಷರದ ಜೊತೆ ಸೂಜಿ ದಾರ ಹಿಡಿಸಿದವರು, ಹೆರಿಗೆಯ ಮನೆಗೆ ನಡುರಾತ್ರಿ ಓಡಿದವರು ಈ ದೊರೆಸಾನಿಯರೇ. ಗಂಡಸು ಪಾದ್ರಿಗೆ ಒಳಮನೆಯ ಪ್ರವೇಶ ಎಲ್ಲಿಂದ ಬರಬೇಕು? ಅಂದಿನ ಕನ್ನಡ ನಾಡಿನ ಹಿತ್ತಿಲ ಬಾಗಿಲು ತೆರೆದದ್ದು ಹೆಂಗಸರಿಗೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ.

ಹೆರ್ಮನ್ ಮೋಗ್ಲಿಂಗ್ 1836ರ ಕೊನೆಗೆ ಮಂಗಳೂರಿಗೆ ಬಂದರು. ಟ್ಯೂಬಿಂಗನ್‌ನಲ್ಲಿ ಓದಿದವರು, ಆಗ ವಯಸ್ಸು 25. ಎಷ್ಟೋ ವರ್ಷ ಒಂಟಿಯಾಗಿದ್ದು, ಬಲ್ಮಠದ ವಿದ್ಯಾರ್ಥಿಗಳ ನಡುವೆಯೇ ಬದುಕಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟದ್ದು, 1848ರಿಂದ 1853ರವರೆಗೆ ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದದ್ದು ಈ ಒಂಟಿ ದಿನಗಳಲ್ಲಿ. ಶರಣರ ನಾಡಿನವರಾದ ನಾವು ಬಸವಪುರಾಣವನ್ನು ಓಲೆಗರಿಯಿಂದ ಬಿಡಿಸಿ ಅಚ್ಚಿಗೆ ತಂದವರಲ್ಲಿ ಒಬ್ಬ ಜರ್ಮನ್ ಪಾದ್ರಿಯೂ ಇದ್ದಾರೆಂಬುದನ್ನು ನೆನೆಯಬೇಕು. ಆ ಮಾಲೆಗೆ ಹಣ ಕೊಟ್ಟವರು ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ.

ಮೋಗ್ಲಿಂಗರ ಆಪ್ತ ಗೊಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದವರು, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದವರು. ಹೆಂಡತಿ ಪೌಲೀನ, ತವರಿನ ಮನೆತನ ಬಾಕ್‌ಮೈಸ್ಟರ್. ನಲವತ್ತು ತುಂಬುವ ಮೊದಲೇ, 1855ರಲ್ಲಿ, ವೈಗ್ಲೆ ತೀರಿಕೊಂಡರು. ಪರದೇಶದಲ್ಲಿ ವಿಧವೆಯಾದ ಪೌಲೀನರನ್ನು ಮುಂದೆ ಮದುವೆಯಾದವರು ಮೋಗ್ಲಿಂಗ್. ಆಗ ಅವರು ಕೊಡಗಿನಲ್ಲಿದ್ದರು. 1858ರಲ್ಲಿ ಕನ್ನಡದ ಕೆಲಸಕ್ಕೆಂದು ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇನ್ನೂ ಎಷ್ಟು ಮಾಡುತ್ತಿದ್ದರೋ, 1860ರಲ್ಲಿ ಹೊರಟುಬಿಟ್ಟರು. ಕಾರಣ ಪೌಲೀನರ ಕಾಯಿಲೆ. ಇಪ್ಪತ್ತು ವರ್ಷ ಮನೆಯಿಲ್ಲದೆ ದುಡಿದ ಮನುಷ್ಯ, ಮನೆಯಾದ ಮೇಲೆ ಮನೆಗಾಗಿ ಕೆಲಸ ಬಿಟ್ಟರು. ಮಿಷನ್ನಿನ ಚರಿತ್ರೆಕಾರರಿಗೆ ಇದು ನಷ್ಟವೆನಿಸಿರಬಹುದು. ನನಗೆ ಮೋಗ್ಲಿಂಗರ ಬಗ್ಗೆ ಗೌರವ ಹೆಚ್ಚಾದದ್ದು ಈ ಜಾಗದಲ್ಲಿಯೇ. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮತ್ತೆ ಇತ್ತ ಬರಲಿಲ್ಲ.

ಅದೇ 1860ರಲ್ಲಿ ಹಾದಿ ತಿರುಗಾಮುರುಗಾ ಆದ ಇನ್ನೊಂದು ಮದುವೆ ಇದೆ. ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತರ ಹುಡುಗ. 1844ರ ಜನವರಿ 6ರಂದು ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು. ಎಳವೆಯಲ್ಲೇ ಕಟ್ಟಿದ ಮದುವೆ ಅಲ್ಲಿಗೆ ಮುರಿಯಿತು. ಹೆಂಡತಿ ಅವನ ಹಾದಿ ಹಿಡಿಯಲಿಲ್ಲ. ಬಾಸೆಲಿಗೆ ಹೋಗಿ, ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದ ಕೌಂಡಿನ್ಯರು 1860ರಲ್ಲಿ ಕೈಹಿಡಿದದ್ದು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು. ಉಳಿದ ವಧುಗಳು ತಮ್ಮ ಭಾಷೆ ಆಡುವ ಗಂಡನ ಮನೆಗೆ ಬಂದರು. ಮಾರಿ ಬಂದದ್ದು ಮಂಗಳೂರಿನವನ ಮನೆಗೆ. ಕಂಪನಿಯ ಕಾಲ ಮುಗಿದು ರಾಣಿಯ ಆಳ್ವಿಕೆ ಬಂದು ಎರಡೇ ವರ್ಷ. ಬಿಳಿಯರೂ ಕರಿಯರೂ ಒಂದೇ ಮೇಜಿಗೆ ಕೂರದ ಕಾಲವದು. ದಕ್ಷಿಣ ಕೊಡಗಿನ ಆನಂದಪುರ ಎಂಬ ಊರಿನ ಹೆಸರಿನಲ್ಲಿ ಕೌಂಡಿನ್ಯರ ಹೆಸರು ಇಂದಿಗೂ ಉಳಿದಿದೆ. ಮಾರಿಯವರ ಕತೆಯನ್ನು ಕಾದಂಬರಿ ಮಾಡುವ ಕನ್ನಡ ಲೇಖಕಿ ಇನ್ನೂ ಬರಬೇಕಾಗಿದೆ.

ಇನ್ನು ಕಿಟ್ಟೆಲ್.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಕಡಲ ತಡಿ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ. ವುರ್ಟೆಂಬರ್ಗಿನವರೇ ತುಂಬಿದ್ದ ಮಿಷನ್ನಿನಲ್ಲಿ ಅವರು ಹೊರಗಿನವರು. ನಮ್ಮ ಕಡೆಯವನೊಬ್ಬ ಮೈಸೂರಿನ ಕಚೇರಿಯಲ್ಲಿ ಕೂತ ಹಾಗೆ. 1853ರಲ್ಲಿ ಬಂದು ಧಾರವಾಡ, ಹುಬ್ಬಳ್ಳಿಗಳಲ್ಲಿ ಇದ್ದರು, ಆಮೇಲೆ ಮಂಗಳೂರು. ಹಳಗನ್ನಡದ ಹುಚ್ಚು ಹಿಡಿದಿತ್ತು. ಉಪದೇಶಕ್ಕೆ ಬಂದವನು ಛಂದಸ್ಸು, ವ್ಯಾಕರಣ ಎಂದು ಕೂತರೆ ಮಿಷನ್ನಿಗೆ ಹಿಡಿಸುವುದು ಕಷ್ಟ. 1860ರಲ್ಲಿ ಪೌಲೀನ ಐಟ್ ಎಂಬವರನ್ನು ಮದುವೆಯಾದರು. 1862ರಲ್ಲಿ ಯೇಸುವಿನ ಕತೆಯನ್ನು ನಮ್ಮ ಛಂದಸ್ಸಿಗೆ ಕಟ್ಟಿದ ‘ಕಥಾಮಾಲೆ’ ಬಂತು. ಕನ್ನಡದಲ್ಲಿ ಪದ್ಯ ಕಟ್ಟುವ ಧೈರ್ಯ ಬಂದದ್ದು ಈ ಸಂಸಾರದ ನೆಮ್ಮದಿಯ ಎರಡು ಮೂರು ವರ್ಷಗಳಲ್ಲಿ. 1864ರಲ್ಲಿ ಪೌಲೀನ ತೀರಿಹೋದರು. ಮದುವೆಯಾಗಿ ನಾಲ್ಕೇ ವರ್ಷ.

1867ರಲ್ಲಿ ಕಿಟ್ಟೆಲ್ ಮತ್ತೆ ಮದುವೆಯಾದರು. ಹೆಣ್ಣು ಪೌಲೀನರ ಒಡಹುಟ್ಟಿದ ಯೂಲಿಯೆ. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನಿಗಿಂತ ಹತ್ತಿರದವರು ಯಾರು ಎಂದು ನಮ್ಮವರು ಕೇಳುತ್ತಾರೆ. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಸತ್ತ ಹೆಂಡತಿಯ ಸೋದರಿಯನ್ನು ಮದುವೆಯಾಗುವುದು ಕಾನೂನಿಗೆ ವಿರುದ್ಧವಾಗಿತ್ತು. ಆ ಕಟ್ಟು ಬಿಚ್ಚಿದ್ದು 1907ರಲ್ಲಿ. ಕಿಟ್ಟೆಲ್ ಜರ್ಮನರಾಗಿದ್ದದ್ದು ಅವರಿಗೂ ಕನ್ನಡಕ್ಕೂ ಒಳ್ಳೆಯದೇ ಆಯಿತು. ಯೂಲಿಯೆ ಬಂದ ಮೇಲೆ ಮಡಿಕೇರಿಯ ಮಂಜಿನಲ್ಲಿ ಕಿಟ್ಟೆಲ್ ಮಾಡಿದ ಕೆಲಸ ನೋಡಿ: 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’. ನಿಘಂಟಿನ ಹೊರೆಯೂ ಅದೇ ಹೊತ್ತಿಗೆ ಹೆಗಲಿಗೆ ಬಂತು.

1877ರಲ್ಲಿ ಸಂಸಾರ ಜರ್ಮನಿಗೆ ಮರಳಿತು. ಅಲ್ಲಿ ಕೂತು ನಿಘಂಟು ಮುಗಿಸಬಹುದೆಂದು ನೋಡಿದರು, ಆಗಲಿಲ್ಲ. ಆಡುವವರಿಲ್ಲದ ಊರಿನಲ್ಲಿ ಒಂದು ಮಾತಿನ ಅರ್ಥ ಯಾರನ್ನು ಕೇಳುವುದು? 1883ರಲ್ಲಿ, 51ನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಕಿಟ್ಟೆಲ್ ಒಂಟಿಯಾಗಿ ಮತ್ತೆ ಬಂದರು. 1892ರವರೆಗೆ ಇದ್ದರು. ಒಂಬತ್ತು ವರ್ಷ. ಯೂಲಿಯೆ ಒಬ್ಬರೇ ಅಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದಾಗ ಇಲ್ಲಿ ಕನ್ನಡದ ಒಂದೊಂದು ಮಾತೂ ಸಾಲಿಗೆ ಬಂದು ಕೂತಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದ ಆ ಪುಸ್ತಕಕ್ಕೆ 1752 ಪುಟ, ಸುಮಾರು 70,000 ಶಬ್ದ. 1896ರಲ್ಲಿ ಟ್ಯೂಬಿಂಗನ್ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರಿನಲ್ಲಿ ಕಿಟ್ಟೆಲ್ ತೀರಿಕೊಂಡದ್ದೂ ಅದೇ ಊರಲ್ಲಿ.

ನಿಘಂಟಿನ ಬೆಲೆಯನ್ನು ಕಣ್ಣುಬೇನೆ, ತಲೆನೋವುಗಳ ಲೆಕ್ಕದಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಮಡಿಕೇರಿಯ ವರ್ಷಗಳನ್ನೂ ಆಮೇಲಿನ ಒಂಬತ್ತು ವರ್ಷಗಳನ್ನೂ ಯೂಲಿಯೆ ಐಟರ ಖಾತೆಗೂ ಬರೆಯಬೇಕೆಂಬುದು ನನ್ನ ವಾದ.

ಯೂಲಿಯೆ ಮಕ್ಕಳನ್ನಾದರೂ ಹತ್ತಿರ ಇಟ್ಟುಕೊಂಡರು. ಹೆಚ್ಚಿನ ಮಿಷನರಿ ತಾಯಂದಿರಿಗೆ ಅದೂ ದಕ್ಕಲಿಲ್ಲ. 1850ರಲ್ಲಿ ಬಾಸೆಲಿನ ಮುಖ್ಯಸ್ಥರಾದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಈ ಕಡೆಯ ಠಾಣೆಗಳನ್ನೆಲ್ಲ ಸುತ್ತಿ ನೋಡಿ ಹೋದವರು. 1853ರಲ್ಲಿ ಒಂದು ಆಜ್ಞೆ ಹೊರಟಿತು: ಮಿಷನರಿಗಳ ಮಕ್ಕಳು ಆರು ವರ್ಷದ ಸುಮಾರಿಗೆ ಯೂರೋಪಿಗೆ ಬರಬೇಕು. ಅವರಿಗೆಂದೇ ಬಾಸೆಲಿನಲ್ಲಿ ಮಕ್ಕಳ ಮನೆ ಎದ್ದಿತು. ಹವೆ ಆಗದು, ಜ್ವರ, ಶಾಲೆ ಇಲ್ಲ ಎಂಬ ಕಾರಣಗಳು ಸುಳ್ಳಲ್ಲ. ಜೊತೆಗೆ, ಆಯಾಳ ಸೊಂಟದ ಮೇಲೆ ಬೆಳೆದು, ಜರ್ಮನ್‌ಗಿಂತ ಮೊದಲು ತುಳುವನ್ನೋ ಕನ್ನಡವನ್ನೋ ಆಡುವ ಮಗು ಇಲ್ಲಿಯದೇ ಆಗಿಬಿಟ್ಟೀತೆಂಬ ಹೆದರಿಕೆಯೂ ಇತ್ತೆಂದು ನನಗೆ ಅನಿಸುತ್ತದೆ. ಬಂದರಿನಲ್ಲಿ ದೋಣಿ ಹತ್ತಿಸಿದ ಆರು ವರ್ಷದ ಮಗುವನ್ನು ತಾಯಿ ಮತ್ತೆ ನೋಡುವಾಗ ಅದಕ್ಕೆ ಮೀಸೆ ಬಂದಿರುತ್ತಿತ್ತು, ಇಲ್ಲವೇ ಮದುವೆಯ ವಯಸ್ಸಾಗಿರುತ್ತಿತ್ತು. ಕೆಲವರಿಗೆ ನೋಡುವುದೇ ಆಗಲಿಲ್ಲ.

ಒಂದು ಮನೆಯ ಮಾತು ಹೇಳುತ್ತೇನೆ. ಅದು ಬಾಸೆಲಿನವರದೇ, ಆದರೆ ನೆರೆಯ ಮಲೆಯಾಳ ಸೀಮೆಯದು. ಹೆರ್ಮನ್ ಗುಂಡರ್ಟ್ ಮಲೆಯಾಳಕ್ಕೆ ನಿಘಂಟು ಕೊಟ್ಟವರು; ಹೆಂಡತಿ ಯೂಲಿ ಡುಬ್ವಾ, ಫ್ರೆಂಚ್ ಮಾತಿನ ಸ್ವಿಸ್ ಹೆಣ್ಣು. 1838ರಲ್ಲಿ ಮದುವೆ, ಮರುವರ್ಷ ತಲಶ್ಶೇರಿಯಲ್ಲಿ ಬಿಡಾರ. 1842ರಲ್ಲಿ ಅಲ್ಲಿ ಹುಟ್ಟಿದ ಮಗಳು ಮಾರಿ. ಇನ್ನೂ ಕೈಗೂಸಿನಂತಿದ್ದಾಗಲೇ ಅವಳನ್ನು ಯೂರೋಪಿಗೆ ಕರೆದೊಯ್ದು, ಅಲ್ಲಿ ಬಿಟ್ಟು, ತಂದೆತಾಯಿ ಹಿಂತಿರುಗಿದರು. 1857ರಲ್ಲಿ, ಹದಿನೈದರ ಹುಡುಗಿಯಾಗಿ, ಅವಳು ಮತ್ತೆ ಹಡಗು ಹತ್ತಿ ಬಂದಾಗ ಹತ್ತು ವರ್ಷಕ್ಕೂ ಮಿಕ್ಕಿ ಕಳೆದಿತ್ತು. ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನ ಮೇಲೆ ಮನಸ್ಸಾಯಿತು. ಅಪ್ಪ ಬೇಡವೆಂದರು, ಅಲ್ಲಿಗೆ ಮುಗಿಯಿತು. ಸಾಕಲು ಪುರಸೊತ್ತಿರದ ತಂದೆಗೆ ಬೇಡವೆನ್ನಲು ಪುರಸೊತ್ತಿತ್ತು ಎಂದು ಬರೆದರೆ ಕಟುವಾದೀತು, ಆದರೂ ಬರೆದಿದ್ದೇನೆ. ಮಾರಿ ಮುಂದೆ ಮಿಷನರಿ ಇಸೆನ್‌ಬರ್ಗರನ್ನು ಮದುವೆಯಾಗಿ ಸಿಂಧ್ ಪ್ರಾಂತ್ಯಕ್ಕೆ ಹೋದರು, 1870ರಲ್ಲಿ ವಿಧವೆಯಾದರು. 1874ರಲ್ಲಿ ಯೊಹಾನೆಸ್ ಹೆಸ್ಸೆಯವರನ್ನು ವರಿಸಿದರು. ಈ ಹೆಸ್ಸೆ 1869ರಿಂದ 1873ರವರೆಗೆ ಮಂಗಳೂರಿನ ಕಡೆ ಇದ್ದು, ಮೈ ಸೋತು ಹಿಂತಿರುಗಿದವರು. ಅವರ ಮಗ ಹೆರ್ಮನ್ ಹೆಸ್ಸೆ, ‘ಸಿದ್ಧಾರ್ಥ’ ಬರೆದವರು, 1946ರಲ್ಲಿ ನೊಬೆಲ್ ಪಡೆದವರು. 1911ರಲ್ಲಿ ಆ ಮಗ ಪೂರ್ವಕ್ಕೆ ಹೊರಟು ಸಿಲೋನು, ಸುಮಾತ್ರಾ ನೋಡಿ ಹಿಂದಿರುಗಿದರು. ಅಮ್ಮ ಹುಟ್ಟಿದ ತಲಶ್ಶೇರಿಗೂ ಬರಲಿಲ್ಲ, ಅಪ್ಪ ಪಾಠ ಹೇಳಿದ ಮಂಗಳೂರಿಗೂ ಬರಲಿಲ್ಲ.

1914ರಲ್ಲಿ ಯುದ್ಧ ಬಂತು. ಬ್ರಿಟಿಷರ ನಾಡಿನಲ್ಲಿ ಜರ್ಮನ್ ಪಾದ್ರಿ ಶತ್ರುವಾದ. ಗಂಡಸರನ್ನು ಅಹ್ಮದ್‌ನಗರದ ಶಿಬಿರಕ್ಕೆ ಸಾಗಿಸಿದರು. 1915-16ರಲ್ಲಿ ‘ಗೋಲ್ಕೊಂಡಾ’ ಎಂಬ ಹಡಗು ಹೆಂಗಸರು ಮಕ್ಕಳನ್ನು ತುಂಬಿಕೊಂಡು ಯೂರೋಪಿಗೆ ಹೋಯಿತು. ಎಂಬತ್ತು ವರ್ಷಗಳ ಹಿಂದೆ ಪೆಟ್ಟಿಗೆ ಬಿಚ್ಚಿದ ಜನ, ಸಿಕ್ಕಿದ್ದನ್ನು ತುಂಬಿಕೊಂಡು ಪೆಟ್ಟಿಗೆ ಕಟ್ಟಿದರು. ನಮ್ಮ ಕಲಬುರಗಿಯಿಂದ ಆಳಿದ ಬಹಮನಿಗಳ ಪಟ್ಟ ಒಡೆದ ಮೇಲೆ ಎದ್ದ ಗೋಲ್ಕೊಂಡದ ಹೆಸರನ್ನೇ ಹೊತ್ತ ಹಡಗಿನಲ್ಲಿ!

ಈ ಸಂಸಾರಗಳು ಊರಿಗೆ ಬರೆದ ಕಾಗದಗಳು, ವರದಿಗಳು, ಫೋಟೋಗಳು ಬಾಸೆಲಿನ ದಾಖಲೆಯ ಮನೆಯಲ್ಲಿ ಜೋಪಾನವಾಗಿವೆ. ಕಾಗದಗಳ ಅಕ್ಷರ ಹಳೆಯ ಜರ್ಮನ್ ಕೈಬರಹದ್ದು; ಇಂದಿನ ಜರ್ಮನರಿಗೂ ಸಲೀಸಾಗಿ ಓದಲು ಬಾರದು. ಗಂಡಸರು ಕಮಿಟಿಗೆ ಬರೆದದ್ದನ್ನು ವಿದ್ವಾಂಸರು ಸಾಕಷ್ಟು ತಿರುವಿ ಹಾಕಿದ್ದಾರೆ. ಹೆಂಗಸರು ಅಮ್ಮನಿಗೆ, ಅಕ್ಕನಿಗೆ, ಬಿಟ್ಟುಬಂದ ಮಗುವಿಗೆ ಬರೆದದ್ದು ಕನ್ನಡಕ್ಕೆ ಬಂದಿರುವುದು ತೀರ ಕಡಿಮೆ. ಮಂಗಳೂರು, ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ವಿಷಯ ಹುಡುಕುತ್ತ ಕೂತ ಹುಡುಗಿಯರಿಗೆ ನನ್ನದೊಂದು ಕೋರಿಕೆ: ಜರ್ಮನ್ ಕಲಿಯಿರಿ, ಆ ಹಳೆಯ ಬರಹವನ್ನು ಬಿಡಿಸಿ ಓದಿರಿ, ಆ ಕಾಗದಗಳನ್ನು ಕನ್ನಡಕ್ಕೆ ತನ್ನಿರಿ. ಅರ್ಥವಾಗದ ಕನ್ನಡ ಮಾತು ಅವುಗಳಲ್ಲಿ ಸಿಕ್ಕರೆ ಕಿಟ್ಟೆಲರ ನಿಘಂಟು ಕೈಗೆಟುಕುವಲ್ಲೇ ಇದೆ.